ಸ್ಪೇನಿನ ಕಡಲ ಊರಲ್ಲಿ ಮನೆ: ಮುಂಗಡ ಕೊಡುವ ಮುಂಚೆ

ಮಾಲಾಗಾ ಕಡೆ ಮನೆ ಕೊಳ್ಳುವ ವಿದೇಶಿಯರಿಗೆ ಮೊದಲು ಬೇಕಾದದ್ದು ಎನ್‌ಐಇ ಎಂಬ ಗುರುತಿನ ಸಂಖ್ಯೆ. ಮನೆ ಕೊಂಡರೆ ವಾಸದ ಪರವಾನಗಿ ಸಿಗುತ್ತದೆಂಬ ಲೆಕ್ಕಾಚಾರ ಬಿಡಿ. ಹಾಗೆ ಪರವಾನಗಿ ಕೊಡುತ್ತಿದ್ದ ‘ಗೋಲ್ಡನ್ ವೀಸಾ’ 2025ರ ಏಪ್ರಿಲ್ 3ಕ್ಕೆ ನಿಂತಿತು.

ಆಮೇಲೆ ನೋಂದಣಿ ಕಚೇರಿಯಿಂದ ‘ನೋಟಾ ಸಿಂಪ್ಲೆ’ ತೆಗೆಸಿ. ಮಾಲೀಕರು ಯಾರು, ಅಡಮಾನ ಅಥವಾ ಜಪ್ತಿ ಇದೆಯೇ, ಎಷ್ಟು ಚದರ ಮೀಟರ್ ಎಂಬುದೆಲ್ಲ ಅದರಲ್ಲಿರುತ್ತದೆ. ಕಣ್ಣೆದುರಿನ ಮನೆಗೆ ಗಾಜು ಮುಚ್ಚಿದ ಟೆರೇಸ್ ಇದ್ದು ಪತ್ರದಲ್ಲಿ ಅದರ ಸುಳಿವೇ ಇಲ್ಲದಿದ್ದರೆ, ಅನುಮತಿಯಿಲ್ಲದೆ ಕಟ್ಟಿದ್ದಿರಬಹುದು. ಪುರಸಭೆಯಲ್ಲಿ ವಿಚಾರಿಸದೆ ಮುಂದುವರಿಯಬೇಡಿ.

ಅಲೆ ಕಾಲಿಗೆ ತಾಗುವಷ್ಟು ಹತ್ತಿರದ ಮನೆಗಳ ಬಗ್ಗೆ ಇನ್ನೂ ಎಚ್ಚರ ಬೇಕು. 1988ರ ಕರಾವಳಿ ಕಾಯ್ದೆಯಂತೆ ದಡದ ಸಾರ್ವಜನಿಕ ಜಾಗದ ಗಡಿಯಿಂದ ಒಳಕ್ಕೆ ಸಾಮಾನ್ಯವಾಗಿ 100 ಮೀಟರ್, ಆಗಲೇ ನಗರವಾಗಿದ್ದ ಕಡೆ 20 ಮೀಟರ್ ರಕ್ಷಿತ ಪಟ್ಟಿ. ಅಲ್ಲಿ ಹಳೆ ಮನೆಯನ್ನು ದುರಸ್ತಿ ಮಾಡಬಹುದು, ವಿಸ್ತರಿಸುವುದು ಕಷ್ಟ.

ಮುಂಗಡ, ಅಂದರೆ ‘ಅರ್ರಾಸ್’, ಸಾಮಾನ್ಯವಾಗಿ 10%. ಅದು ‘ಪೆನಿಟೆನ್ಸಿಯಾಲೆಸ್’ ಬಗೆಯದಾದರೆ ನೀವು ಹಿಂಜರಿದಾಗ ಹಣ ಹೋಯಿತು. ಮಾರುವವರು ಹಿಂಜರಿದರೆ ದುಪ್ಪಟ್ಟು ಕೊಡಬೇಕು. ಸಾಲ ನಿರಾಕರಣೆಯಾದರೆ ಮುಂಗಡ ವಾಪಸು ಎಂಬ ಷರತ್ತನ್ನು ದಯವಿಟ್ಟು ಬರೆಸಿಕೊಳ್ಳಿ.

ಮಾಲಾಗಾ ಸೇರಿರುವ ಆಂಡಲೂಸಿಯಾ ಪ್ರದೇಶದಲ್ಲಿ ಹಳೆ ಮನೆಗೆ ವರ್ಗಾವಣೆ ತೆರಿಗೆ 7%. ಆ ಮನೆಗೆ ಸರ್ಕಾರ ಲೆಕ್ಕಹಾಕಿದ ‘ಉಲ್ಲೇಖ ಮೌಲ್ಯ’ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ತೆರಿಗೆ ಅದರ ಮೇಲೆಯೇ. ಹೊಸ ಮನೆಗೆ 10% ವ್ಯಾಟ್, ಜೊತೆಗೆ ಮುದ್ರಾಂಕ ತೆರಿಗೆ. ಮಾರುವವರು ಸ್ಪೇನಿನ ನಿವಾಸಿಯಲ್ಲದಿದ್ದರೆ ಬೆಲೆಯ 3% ಹಿಡಿದಿಟ್ಟು, ಒಂದು ತಿಂಗಳೊಳಗೆ ಮಾದರಿ 211 ಎಂಬ ತೆರಿಗೆ ನಮೂನೆಯಲ್ಲಿ ನೀವೇ ಸರ್ಕಾರಕ್ಕೆ ಕಟ್ಟಬೇಕು. ಅಪಾರ್ಟ್‌ಮೆಂಟ್ ಸಂಘದ ಬಾಕಿಗೂ ದಾಖಲೆ ಕೇಳಿ: ಈ ವರ್ಷದ್ದು, ಹಿಂದಿನ ಮೂರು ವರ್ಷದ್ದು ಮನೆಯ ಜೊತೆಗೇ ನಿಮಗೆ ಬರುತ್ತದೆ.