ರಾತ್ರಿ ಎರಡು ಗಂಟೆಗೆ ಏನು ಕುಟ್ತೀರಿ?

ಹಾಲುಕ್ಕಿಸಿ 12 ದಿನ ಆಗಿತ್ತು. ಅಟ್ಟಕ್ಕೆ ಹಾಕಿದ ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಅಷ್ಟರಲ್ಲೇ ಕೆಳಗಿನ ಮನೆಯಿಂದ ಮೂರನೇ ಕಂಪ್ಲೇಂಟ್ ಬಂತು.

ಸೋಮವಾರ ಬೆಳಿಗ್ಗೆ ಆರೂವರೆ. ಕೈಯಲ್ಲಿ ಎರಡು ಹಾಲಿನ ಪ್ಯಾಕೆಟ್ ಹಿಡಿದು ಗೇಟು ತೆಗೆದೆ. ಕೆಳಗಿನ ಮನೆಯವರು ಬಗ್ಗಿ ರಂಗೋಲಿ ಹಾಕುತ್ತಿದ್ದರು. ತುಳಿಯದ ಹಾಗೆ ಪಕ್ಕಕ್ಕೆ ಕಾಲಿಟ್ಟೆ. ತಲೆ ಎತ್ತದೆಯೇ ಕೇಳಿದರು.

"ರಾತ್ರಿ ಎರಡು ಗಂಟೆಗೆ ಏನು ಕುಟ್ತೀರಿ ನೀವು?"

"ಏನೂ ಕುಟ್ಟಲ್ವಲ್ಲ ಮೇಡಂ."

"ಕುಟ್ಟದೆ ಸದ್ದು ಬರುತ್ತಾ? ಟಕ್ ಟಕ್ ಟಕ್ ಅನ್ನುತ್ತೆ. ನಿಲ್ಲುತ್ತೆ. ಹತ್ತು ನಿಮಿಷ ಬಿಟ್ಟು ಮತ್ತೆ ಟಕ್ ಟಕ್ ಟಕ್. ಮುಂಚೆ ಇದ್ದೋರು ಒಂದು ದಿನ ಹೀಗೆ ಮಾಡಿದವರಲ್ಲ."

ಇಷ್ಟು ಹೇಳುವಾಗಲೂ ಅವರ ಬೆರಳಿನಿಂದ ಇಳಿಯುತ್ತಿದ್ದ ಎಳೆ ಒಂಚೂರು ಅಲುಗಲಿಲ್ಲ. ಚುಕ್ಕಿ ಬಳಸಿ, ಸುತ್ತಿ, ಶುರುವಾದಲ್ಲಿಗೇ ಬಂದು ಸೇರಿತು. ನನಗೆ ಸಿಟ್ಟು ಬಂದದ್ದು ಅದಕ್ಕೇ ಇರಬೇಕು. ಬೈಯುವವರ ಕೈಯಾದರೂ ಸ್ವಲ್ಪ ನಡುಗಬೇಡವೇ?

ಮೊದಲ ಕಂಪ್ಲೇಂಟ್ ಎರಡನೇ ದಿನವೇ ಬಂದಿತ್ತು. ಅದರಲ್ಲಿ ನನ್ನದೇ ತಪ್ಪು. ಮೋಟರ್ ಹಾಕಿ ಮರೆತಿದ್ದೆ. ಟ್ಯಾಂಕ್ ತುಂಬಿ ನೀರು ಅರ್ಧ ಗಂಟೆ ಗೋಡೆ ಮೇಲೆ ಇಳಿಯಿತು. ನೀರಿಗೆ ಬರ ಬಂದ 2024ರ ಬೇಸಿಗೆಯನ್ನು ಈ ಬೆಂಗಳೂರಲ್ಲಿ ಕಳೆದವರಿಗೆ ಆ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತೆ. ಆಗ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ತರುವ ಕಾವೇರಿ ನೀರು ನಮ್ಮ ಸಂಪಿಗೆ ಬೀಳೋದೇ ದಿನ ಬಿಟ್ಟು ದಿನ. ಅದನ್ನು ಚರಂಡಿಗೆ ಬಿಟ್ಟವನಿಗೆ ಯಾರಾದರೂ ಬೈಯಲೇಬೇಕು. ಬೈದರು. ತಲೆ ತಗ್ಗಿಸಿ ಕೇಳಿಸಿಕೊಂಡೆ.

ಎರಡನೆಯದು ಸ್ಕೂಟರ್. ಹನುಮಂತನಗರದ ಈ ಕಡೆ ಎಲ್ಲಾ ಹಳೇ ಸೈಟುಗಳು. ನಮ್ಮದು ಮೂವತ್ತು ನಲವತ್ತರದ್ದು. ಕೆಳಗೆ ಅವರು, ನಡುವೆ ನಾವು, ಎರಡನೇ ಮಹಡಿಯಲ್ಲಿ ಇನ್ನೊಂದು ಸಂಸಾರ. ಮೂರು ಮನೆಯ ಐದು ಗಾಡಿ ಗೇಟಿನ ಒಳಗೇ ನಿಲ್ಲಬೇಕು. ನಾನು ನಿಲ್ಲಿಸಿದ್ದು "ಅವರ ಜಾಗ" ಅಂತೆ. ಗೆರೆ ಗಿರೆ ಏನೂ ಇಲ್ಲ. 18 ವರ್ಷದಿಂದ ಅವರು ಅಲ್ಲೇ ನಿಲ್ಲಿಸ್ತಾರೆ, ಅದೇ ಗೆರೆ.

ತಮಾಷೆ ಅಂದರೆ ಅವರೂ ಓನರ್ ಅಲ್ಲ. ಲೀಸ್‌ಗೆ ಇರುವವರು. ಓನರ್ ಇರೋದು ಹೈದರಾಬಾದಿನಲ್ಲಿ, ಮಗನ ಮನೇಲಿ. ಫೋನ್ ಮಾಡಿ ಹೇಳಿದ್ದಕ್ಕೆ, "ಒಳ್ಳೆಯೋರೇ ಸಾರ್ ಅವರು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಎಣಿಸಿಕೊಳ್ಳುವಾಗ ನನ್ನ ಜೊತೆ ಒಂದು ರೂಪಾಯಿ ಅಡ್ಜಸ್ಟ್ ಮಾಡಿಕೊಳ್ಳದ ಮನುಷ್ಯ.

ಸೋಮವಾರ ಇಡೀ ದಿನ ಅದೇ ಮಾತು ತಲೆಯಲ್ಲಿ. ಏನು ಕುಟ್ತೀರಿ ನೀವು. ಆ "ನೀವು" ಯಾಕೆ ಕೊನೆಗೆ ಬಂತು? "ನೀವು ಏನು ಕುಟ್ತೀರಿ" ಅಂದಿದ್ದರೆ ಸುಮ್ನೆ ಪ್ರಶ್ನೆ. ಕೊನೆಗೆ ಹಾಕಿದರೆ "ನಿಮ್ಮಂಥೋರು" ಅಂತ ಕೇಳುತ್ತೆ, ಅಲ್ವಾ? ರಾಮಕೃಷ್ಣ ಆಶ್ರಮದ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಾಗ ಒಳ್ಳೊಳ್ಳೆ ಉತ್ತರ ಹೊಳೆದವು. "ನಿಮ್ಮ ಹೆಸರು ಹೇಳಿ ಮೆಣಸಿನಪುಡಿ ಕುಟ್ತಿದ್ದೆ ಮೇಡಂ." "ಮುಂಚೆ ಇದ್ದೋರು ಅಷ್ಟು ಒಳ್ಳೆಯವರಾಗಿದ್ರೆ ಯಾಕೆ ಬಿಟ್ಟುಹೋದ್ರು?" ಹೆಲ್ಮೆಟ್ ಒಳಗೇ ಹೇಳಿಕೊಂಡು ನಕ್ಕೆ. ಪಕ್ಕದ ಆಟೋದವನು ನೋಡಿದ. ಈ ಉತ್ತರಗಳು ಗೇಟಿನ ಹತ್ತಿರ ಯಾವತ್ತೂ ಹೊಳೆಯಲ್ಲ.

ಸಂಜೆ ಮನೆಯಲ್ಲಿ ಹೆಂಡತಿಗೆ ಆಕ್ಟಿಂಗ್ ಸಮೇತ ಹೇಳಿದೆ. ಅವರ ದನಿ, ಬಗ್ಗಿದ ಬೆನ್ನು, ಟಕ್ ಟಕ್ ಟಕ್. ಅವಳು ನಗಲಿಲ್ಲ, ರೂಮಿನ ಕಡೆ ಕಣ್ಣು ಹೊರಳಿಸಿದಳು. ಅಮ್ಮ ಬಾಗಿಲ ಹತ್ತಿರವೇ ಕೂತಿದ್ದಳು.

"ಊರಲ್ಲಿ ಕಾವಿ ನೆಲ ಇತ್ತು. ಅದರ ಕೆಳಗೆ ಭೂಮ್ತಾಯಿ. ಅವಳು ಯಾವತ್ತೂ ಬಾಯಿ ಬಿಡಲಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಿ ನೆಲದ ಕೆಳಗೂ ಜನ ಇರ್ತಾರೆ, ಮರೆತೇ ಹೋಗುತ್ತಪ್ಪ" ಅಂದಳು.

ನನಗೆ ಆಗಲೂ ಹೊಳೆಯಲಿಲ್ಲ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

ಅವತ್ತು ರಾತ್ರಿ ನಾನು ಮಲಗಲಿಲ್ಲ. ನನಗೆ ಸಾಕ್ಷಿ ಬೇಕಿತ್ತು. ಮೊಬೈಲಿಗೆ ಸದ್ದು ಅಳೆಯುವ ಆಪ್ ಇಳಿಸಿಕೊಂಡು, ನಮ್ಮ ರೂಮಿನ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ಕಾನೂನೂ ಓದಿಕೊಂಡಿದ್ದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ಜನ ವಾಸ ಮಾಡುವ ಕಡೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಒಂದೂವರೆಗೆ ನಮ್ಮ ಮನೆ 36 ತೋರಿಸಿತು. ಹಿಂದಿನ ರಸ್ತೆಯಲ್ಲಿ ಯಾರೋ ಬುಲೆಟ್ ಓಡಿಸಿಕೊಂಡು ಹೋದ, 58ಕ್ಕೆ ಹಾರಿತು. ಅವನಿಗೆ ಯಾರೂ ಏನು ಕುಟ್ತೀಯ ಅಂತ ಕೇಳಲ್ಲ. ಒಂದು ಮುಕ್ಕಾಲು, 37. ಎರಡು, 36. ಎರಡೂ ಹತ್ತು, 37. ಪ್ರತಿ ಸಲವೂ ಸ್ಕ್ರೀನ್‌ಶಾಟ್ ತೆಗೆದೆ. ಬೆಳಿಗ್ಗೆ ರಂಗೋಲಿ ಪಕ್ಕದಲ್ಲೇ ನಿಂತು ತೋರಿಸೋಣ ಅಂತ.

ಹಾಲ್‌ನಲ್ಲಿ ಏನೋ ಅಲ್ಲಾಡಿತು.

ಅಮ್ಮ. 78 ವರ್ಷ. ಹೋದ ವರ್ಷ ಸೊಂಟದ ಮೂಳೆ ಮುರಿದು ಆಪರೇಷನ್ ಆದವಳು. ವಾಕರನ್ನು ನೆಲದಿಂದ ಒಂದು ಗೇಣು ಮೇಲೆತ್ತಿಕೊಂಡು ಬಾತ್‌ರೂಮಿನಿಂದ ವಾಪಸ್ ಬರುತ್ತಿದ್ದಳು. ಒಂದು ಭುಜ ಗೋಡೆಗೆ ಒರಗಿಸಿ, ಗೋಡೆಯನ್ನೇ ಉಜ್ಜಿಕೊಂಡು. ಒಂದು ಹೆಜ್ಜೆ, ನಿಲ್ಲೋದು, ಇನ್ನೊಂದು ಹೆಜ್ಜೆ. ನನ್ನ ಕೈಯಲ್ಲಿ ಮೊಬೈಲ್ 37 ಅಂತಲೇ ತೋರಿಸ್ತಿತ್ತು.

ಓಡಿಹೋಗಿ ತೋಳು ಹಿಡಿದೆ. "ಏನಮ್ಮ ಇದು?"

"ಮೆಲ್ಲಗೆ ಮಾತಾಡು. ಕೆಳಗೆ ಮಲಗಿರ್ತಾರೆ."

"ಬಿದ್ದಿದ್ರೆ ಏನು ಗತಿ?"

"ಬಿದ್ರೆ ಇನ್ನೂ ಜೋರು ಸದ್ದಾಗುತ್ತೆ. ಅದಕ್ಕೇ ನಿಧಾನಕ್ಕೆ ಬರ್ತಿದ್ದೆ."

ಟಕ್ ಟಕ್ ಟಕ್, ಹತ್ತು ನಿಮಿಷ, ಮತ್ತೆ ಟಕ್ ಟಕ್ ಟಕ್. ಹೋಗೋದು, ಬರೋದು. ಕೆಳಗಿನವರು ಎಷ್ಟು ಸರಿಯಾಗಿ ಲೆಕ್ಕ ಹಿಡಿದಿದ್ದರು! ಒಂದು ವರ್ಷದಿಂದ ನನ್ನ ಮನೆಯಲ್ಲೇ ಇದ್ದ ಸದ್ದು. ಅದು ನನ್ನ ಕಿವಿಗೆ ಸದ್ದೇ ಅಲ್ಲ, ಅಮ್ಮ ಎದ್ದಳು ಅಂತ ಅಷ್ಟೇ. ಕುಟ್ಟೋದು ಅಂದ ತಕ್ಷಣ ನಾನು ಒರಳು, ಕುಟ್ಟಾಣಿ ಎಲ್ಲಾ ಯೋಚಿಸಿದೆ. ವಾಕರ್ ನೆನಪಿಗೇ ಬರಲಿಲ್ಲ.

ಅಮ್ಮನನ್ನು ಮಲಗಿಸಿ ವಾಕರನ್ನು ಟ್ಯೂಬ್‌ಲೈಟ್ ಕೆಳಗೆ ತಲೆಕೆಳಗು ಮಾಡಿ ನೋಡಿದೆ. ನಾಲ್ಕು ಕಾಲಿಗೂ ಬೂದು ಬಣ್ಣದ ರಬ್ಬರ್ ಬುಷ್. ಎಡಗಡೆಯ ಎರಡು ಪರವಾಗಿಲ್ಲ. ಅಮ್ಮ ಭಾರ ಬಿಡೋದು ಬಲಗಡೆಗೆ. ಆ ಕಡೆ ಮುಂದಿನ ಬುಷ್ ಸವೆದು ಸವೆದು ಹಪ್ಪಳದ ಹಾಗೆ ತೆಳ್ಳಗಾಗಿತ್ತು. ನಡುವೆ ತೂತು. ತೂತಿನಿಂದ ಅಲ್ಯೂಮಿನಿಯಂ ಕೊಳವೆಯ ಅಂಚು ಹೊರಗೆ ಬಂದಿತ್ತು. ಬೆರಳಿಟ್ಟೆ, ಚೂಪಾಗಿತ್ತು. ಆಮೇಲೆ ನೆಲ ನೋಡಿದರೆ, ಮಂಚದಿಂದ ಬಾತ್‌ರೂಮಿನವರೆಗೆ ಬಿಳಿ ಟೈಲ್ಸ್ ಮೇಲೆ ಚಿಕ್ಕ ಚಿಕ್ಕ ಅರ್ಧಚಂದ್ರ. ಇರುವೆ ಸಾಲಿನ ಹಾಗೆ. 12 ದಿನದಲ್ಲಿ ಎಷ್ಟೊಂದು.

ಮಾರನೇ ದಿನ ಗಾಂಧಿಬಜಾರ್ ಕಡೆ ಹೋಗಿ ಹೊಸ ಬುಷ್ ತಂದೆ. ನಾಲ್ಕಕ್ಕೆ 160 ರೂಪಾಯಿ. ಹಳೆಯದನ್ನು ಅಳತೆಗೆ ಅಂತ ತೋರಿಸಿದೆ. ಅಂಗಡಿಯವನು ಅದನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ತಿರುಗಿಸಿದ. "ಇದರಲ್ಲೇ ಓಡಾಡ್ತಿದ್ರಾ? ಒದ್ದೆ ನೆಲದ ಮೇಲೆ ಇಟ್ರೆ ಜಾರುತ್ತೆ ಸಾರ್ ಇದು" ಅಂದ. ವಾಪಸ್ ಬರುವಾಗ ಅದೇ ಟ್ರಾಫಿಕ್, ತಲೆಯಲ್ಲಿ ಅದೇ ಪ್ರಶ್ನೆ. ಏನು ಕುಟ್ತೀರಿ ನೀವು. ಈ ಸಲ ಒಂದೂ ಉತ್ತರ ಹೊಳೆಯಲಿಲ್ಲ.

ನನ್ನ ಭಾವಮೈದ ಸಿವಿಲ್ ಇಂಜಿನಿಯರ್. ಅವನಿಗೆ ಫೋನ್‌ನಲ್ಲಿ ಸ್ಕ್ರೀನ್‌ಶಾಟಿನ ಕಥೆ ಹೇಳಿದರೆ ಬಿದ್ದು ಬಿದ್ದು ನಕ್ಕ. "ಮಾತು ಗಾಳಿಯಲ್ಲಿ ಹೋಗುತ್ತೆ ಭಾವ. ಐದಿಂಚಿನ ಸ್ಲ್ಯಾಬ್ ಅಡ್ಡ ಬಂದ್ರೆ ಬಹುಪಾಲು ಅಲ್ಲೇ ಸತ್ತುಹೋಗುತ್ತೆ. ಕುಟ್ಟಿದ್ರೆ ಹಾಗಲ್ಲ, ಸ್ಲ್ಯಾಬೇ ನಡುಗುತ್ತೆ. ನೀವು ತಮಟೆ ಮೇಲೆ ಕೂತಿದೀರಿ, ಅವರು ತಮಟೆ ಒಳಗಿದಾರೆ. ಸದ್ದು ಪಿಲ್ಲರು, ಬೀಮು ಹಿಡಿದುಕೊಂಡು ಎಲ್ಲಿಗೆ ಬೇಕಾದ್ರೂ ಹೋಗುತ್ತೆ" ಅಂದ. ನಮ್ಮ ಮನೆಗಳಲ್ಲಿ ಸ್ಲ್ಯಾಬ್ ಮೇಲೆ ಸಿಮೆಂಟು, ಅದರ ಮೇಲೆ ಟೈಲ್ಸು, ಮುಗೀತು. ನಡುವೆ ಮೆತ್ತಗಿನದು ಅಂತ ಏನೂ ಇರಲ್ಲ. ಅದಕ್ಕೆ ದುಡ್ಡು ಹಾಕೋ ಓನರ್‌ನ ನಾನಂತೂ ಕಂಡಿಲ್ಲ.

ಅವತ್ತಿನಿಂದ ನೆನಪಾಗ್ತಿರೋದು ನಮ್ಮ ಹಿಂದಿನ ಮನೆ. ವಿಜಯನಗರದಲ್ಲಿ. ಮೇಲೆ ಮೂರು ಹುಡುಗರಿದ್ದರು. ರಾತ್ರಿ ಹನ್ನೊಂದರ ಮೇಲೆ ಕುರ್ಚಿ ಎಳೆಯೋರು. ಅವರು ಬಂದ ಮೊದಲ ವಾರವೇ ನಾನು ಮೇಲೆ ಹೋಗಿದ್ದೆ. ಬಾಗಿಲು ತೆಗೆದವನಿಗೆ ಹೇಳಿದ್ದು ಈಗಲೂ ನೆನಪಿದೆ. "ಇದು ಫ್ಯಾಮಿಲಿ ಇರೋ ಮನೆ ಕಣಪ್ಪ." ಕುರ್ಚಿಗೂ ಫ್ಯಾಮಿಲಿಗೂ ಏನು ಸಂಬಂಧ? ಆ ಹುಡುಗ "ಸಾರಿ ಅಂಕಲ್" ಅಂದ. ನನಗೆ ಅಂಕಲ್ ಅಂದದ್ದಕ್ಕೇ ಬೇಜಾರಾಯಿತು. ಆಮೇಲೆ ಸದ್ದು ಬರಲಿಲ್ಲ. ಅವರು ಕುರ್ಚಿ ಎತ್ತಿ ಇಡುತ್ತಿದ್ದರೋ, ನೆಲದ ಮೇಲೇ ಕೂತು ಓದುತ್ತಿದ್ದರೋ ನಾನು ವಿಚಾರಿಸಲಿಲ್ಲ. ಸದ್ದು ನಿಂತರೆ ಸಾಕಿತ್ತು.

ನಾನು ಚಿಕ್ಕವನಿದ್ದಾಗ ಚಾಮರಾಜಪೇಟೆಯ ವಠಾರದಲ್ಲಿ ನಮ್ಮ ಚಿಕ್ಕಪ್ಪ ಇದ್ದರು. ರಜಕ್ಕೆ ಹೋಗ್ತಿದ್ದೆ. ಎಂಟು ಮನೆ, ಒಂದೇ ಅಂಗಳ, ಒಂದೇ ನಲ್ಲಿ. ಅಲ್ಲಿ ಸದ್ದು ಇಲ್ಲಿಗಿಂತ ಹತ್ತು ಪಾಲು ಜಾಸ್ತಿ. ಆದರೆ ಪ್ರತಿ ಸದ್ದಿಗೂ ಒಂದು ಮುಖ ಇತ್ತು. ಬೆಳಗಿನ ಜಾವದ ಕೆಮ್ಮು ಮೂಲೆ ಮನೆ ಮೇಷ್ಟ್ರದು. ತಟ್ಟೆ ಬಿದ್ದರೆ ಎದುರುಮನೆಯ ಮುನಿಸು. ರಾತ್ರಿ ಯಾರೋ ಚಿಲಕ ತೆಗೆದರೆ ಚಿಕ್ಕಮ್ಮ ನಿದ್ದೆಗಣ್ಣಲ್ಲೇ "ಅಜ್ಜಿ ಎದ್ದರು" ಅಂದು ಮಗ್ಗುಲು ಬದಲಿಸೋರು. ಜಗಳ ಆಗ್ತಿರಲಿಲ್ಲ ಅಂತಲ್ಲ. ನಲ್ಲಿ ಹತ್ತಿರ ಬಿಂದಿಗೆ ಹಾರಿದ್ದನ್ನೂ ನೋಡಿದ್ದೇನೆ. ಆದರೆ ಕೆಮ್ಮಿದ್ದಕ್ಕೆ ಯಾರೂ ಜಗಳ ಆಡಲಿಲ್ಲ.

ಕೆಳಗಿನ ಮನೆಯವರು ಅಮ್ಮನನ್ನು ನೋಡೇ ಇರಲಿಲ್ಲ. ಲಿಫ್ಟ್ ಇಲ್ಲ. ಸಾಮಾನು ಹೊರೋ ಹುಡುಗರು ಅಮ್ಮನನ್ನೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಲೆ ತಂದು ಇಳಿಸಿದ್ದರು. ಅವತ್ತಿನಿಂದ ಅವಳು ಮೆಟ್ಟಿಲು ಇಳಿದಿಲ್ಲ. ಹಾಲುಕ್ಕಿಸಿದ ದಿನ ಹೆಂಡತಿ "ಕೆಳಗಿನವರಿಗೆ ಸ್ವಲ್ಪ ಪಾಯಸ ಕೊಟ್ಟು ಬರೋಣ" ಅಂದಿದ್ದಳು. "ಮೊದಲು ಸಾಮಾನು ಜೋಡಿಸೋಣ, ಮುಂದಿನ ವಾರ ನೋಡೋಣ" ಅಂದವನು ನಾನೇ. ನಮ್ಮ 11 ತಿಂಗಳ ಅಗ್ರಿಮೆಂಟಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಅಂತ ಬರೆದಿದೆ. ಕೆಳಗೆ ಯಾರಿದ್ದಾರೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ ಅಂತ ಬರೆದಿಲ್ಲ.

ಹಾಗಂತ ನಾನು ಕೆಳಗೆ ಹೋಗಿ ಕ್ಷಮೆ ಕೇಳಿದೆ ಅಂದುಕೊಳ್ಳಬೇಡಿ. ಬುಷ್ ಹಾಕಿದೆ, ಸುಮ್ಮನಾದೆ. ಆ ಮಟ್ಟಿಗೆ ನನ್ನ ಸಿಟ್ಟು ಇನ್ನೂ ಇತ್ತು.

ಅವರೇ ಬಂದರು. ನಿನ್ನೆ, ಭಾನುವಾರ, ಹನ್ನೊಂದು ಗಂಟೆಗೆ. ಬಾಗಿಲು ತೆಗೆದ ತಕ್ಷಣ ಶುರು.

"ನಿಮ್ಮ ಬಟ್ಟೆಯಿಂದ ನೀರು ತೊಟ್ಟಿಕ್ಕಿ ನಮ್ಮ ಸಂಡಿಗೆ ಎಲ್ಲಾ ನೆನೆದುಹೋಯ್ತು. ಹಿಂಡಿ ಹಾಕೋಕೆ ಏನು ಕಷ್ಟ?"

ಒಳಗಿನಿಂದ ಅಮ್ಮನ ದನಿ. "ಯಾರೋ ಅದು? ಬಾಗಿಲಲ್ಲೇ ಯಾಕೆ ನಿಲ್ಲಿಸ್ತೀಯ, ಒಳಗೆ ಕರಿ."

ಅಮ್ಮ ಬಂದಳು. ಹೊಸ ಬುಷ್ಷಿನ ವಾಕರ್. ಸದ್ದಿಲ್ಲ, ಊರಿದಾಗ ಪುಸ್ ಅಂತ ಅಷ್ಟೇ. ಕೆಳಗಿನ ಮನೆಯವರು ಅಮ್ಮನ ಮುಖ ನೋಡಿದರು, ಆಮೇಲೆ ವಾಕರಿನ ನಾಲ್ಕು ಕಾಲು ಒಂದೊಂದಾಗಿ ನೋಡಿದರು. ಏನೂ ಹೇಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಹೆಂಡತಿ ಕಾಫಿ ತಂದಳು. ಅಮ್ಮ ಸಂಡಿಗೆ ಯಾವುದು, ಅಕ್ಕಿಯದಾ ಸಬ್ಬಕ್ಕಿಯದಾ ಅಂತ ಕೇಳಿದಳು. ಸಬ್ಬಕ್ಕಿಯದು. ಖಾರ ಎಷ್ಟು ಹಾಕ್ತೀರಿ ಅಂದಳು. ಅಲ್ಲಿಂದ ಅದು ಅವರಿಬ್ಬರ ವಿಷಯವಾಯಿತು. ನನಗೆ ಅಲ್ಲಿ ಕೆಲಸ ಇರಲಿಲ್ಲ.

ಲೋಟ ಕೆಳಗಿಟ್ಟು ಏಳುವಾಗ ಅವರಿಗೆ ಏನೋ ನೆನಪಾಯಿತು. "ಅಲ್ಲ, ರಾತ್ರಿದು ಈಗ ನಿಂತಿದೆ. ಆದ್ರೆ ಸಂಜೆ ನಾಲ್ಕು ಗಂಟೆಗೆ ಧಬ್ ಧಬ್ ಅಂತ ಬರುತ್ತಲ್ಲ, ಅದೇನು?"

"ಅದು ನಮ್ಮದಲ್ಲ" ಅಂದೆ. "ನಮಗೂ ಕೇಳುತ್ತೆ. ನಾನು ನಿಮ್ಮ ಮನೇದು ಅಂದುಕೊಂಡಿದ್ದೆ."

ಇಬ್ಬರೂ ಒಟ್ಟಿಗೆ ತಲೆ ಎತ್ತಿ ಫ್ಯಾನಿನ ಕಡೆ ನೋಡಿದೆವು.

"ಹಂಗಾದ್ರೆ ಮೇಲಿನವರದ್ದು" ಅಂದರು. ಇಷ್ಟು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ಗೆಲುವು ಕಂಡಿತು. "ನೀವೇ ಹೋಗಿ ಒಂದು ಮಾತು ಹೇಳಿ ಬನ್ನಿ. ಹೊಸಬರು ಹೇಳಿದ್ರೆ ಬೇಜಾರು ಮಾಡ್ಕೊಳ್ಳಲ್ಲ."

"ಯಾರಿದ್ದಾರೆ ಮೇಲೆ?" ಅಂತ ಅಮ್ಮ ಕೇಳಿದಳು.

ಕೆಳಗಿನ ಮನೆಯವರು ಸ್ವಲ್ಪ ಯೋಚಿಸಿದರು. "ಯಾರೋಪ್ಪ" ಅಂದರು. "ಬಂದು ಎರಡು ವರ್ಷ ಆಯ್ತು."