ಟೋಕಿಯೋದ ಸಿಜಿಎಲ್ ಪೇಪರಿಗೆ ಯಾಕಿಷ್ಟು ಮರ್ಯಾದೆ

ಜಪಾನಿನ ವಜ್ರದ ವ್ಯಾಪಾರದ ಬಗ್ಗೆ ಸ್ವಲ್ಪ ಓದಿದ್ರೂ ಸಾಕು, ಸಿಜಿಎಲ್ ಅನ್ನೋ ಹೆಸರು ಪದೇ ಪದೇ ಸಿಗುತ್ತೆ, ಅಂದ್ರೆ ಸೆಂಟ್ರಲ್ ಜೆಮ್ ಲ್ಯಾಬೊರೇಟರಿ, ವಜ್ರ-ಹರಳುಗಳನ್ನ ಪರೀಕ್ಷಿಸಿ ಗ್ರೇಡ್ ಬರೆದುಕೊಡೋ ಲ್ಯಾಬ್. 1970ರಲ್ಲಿ ಶುರುವಾಗಿದ್ದು, ಟೋಕಿಯೋದ ಉಎನೋದಲ್ಲಿದೆ. ಅಲ್ಲಿಂದ ನಡ್ಕೊಂಡೇ ಹೋಗಬಹುದಾದಷ್ಟು ದೂರದಲ್ಲಿ ಒಕಾಚಿಮಾಚಿ, ಹರಳು-ಒಡವೆಗಳ ಸಗಟು ಅಂಗಡಿಗಳೇ ತುಂಬಿರೋ ಜಾಗ, ಜೈಪುರದಿಂದ ಹೋಗಿ ಅಲ್ಲೇ ನೆಲೆ ನಿಂತ ಹರಳಿನ ವ್ಯಾಪಾರಿಗಳೂ ಬೇಕಾದಷ್ಟು ಜನ ಇದ್ದಾರೆ. ಲ್ಯಾಬ್ ಬಾಗಿಲಲ್ಲೇ ಮಾರ್ಕೆಟ್ಟು.

ಆ ಮಾರ್ಕೆಟ್ಟಲ್ಲಿ ಓಡಾಡೋದು ನಾವು ಅಂದ್ಕೊಳ್ಳೋ ಥರ ದಪ್ಪ ಫೋಲ್ಡರಿನ ಸರ್ಟಿಫಿಕೇಟ್ ಅಲ್ಲ. ವ್ಯಾಪಾರಿಗಳು ಹೆಚ್ಚಾಗಿ ಮಾಡಿಸೋದು ಸಾರ್ಟಿಂಗ್. ಒಂದು ಪುಟ್ಟ ಪ್ಲಾಸ್ಟಿಕ್ ಪ್ಯಾಕೆಟ್ಟು, ಒಳಗೆ ವಜ್ರ, ಜೊತೆಗೆ ತೂಕ, ಬಣ್ಣ, ಕ್ಲಾರಿಟಿ (ಕಲೆ-ಬಿರುಕು ಎಷ್ಟಿದೆ ಅನ್ನೋದು), ಕಟ್, ಫ್ಲೋರೆಸೆನ್ಸ್ (ಯುವಿ ಬೆಳಕಲ್ಲಿ ಹೊಳೆಯೋ ಗುಣ) ಬರೆದ ಒಂದು ಚೀಟಿ, ಸೀಲ್ ಮಾಡಿರ್ತಾರೆ. ಪ್ಯಾಕೆಟ್ ಒಡೆದ್ರೆ ಆ ಚೀಟಿಗೂ ಆ ಕಲ್ಲಿಗೂ ಸಂಬಂಧ ಹೋಯ್ತು ಅಂತಲೇ ಲೆಕ್ಕ. ಹಾಗಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸೀಲ್ ಸಮೇತ ಹೋಗ್ತಾ ಇರುತ್ತೆ, ಕೊನೆಗೆ ಉಂಗುರಕ್ಕೆ ಕೂರಿಸೋ ಹೊತ್ತಿಗೆ ಬೇಕಾದ್ರೆ ಪೂರ್ತಿ ರಿಪೋರ್ಟ್ ಮಾಡಿಸ್ತಾರೆ. ತೂಕ ಬರೆಯೋದನ್ನ ನೋಡಿ, 0.30 ಅಂತ ನಿಲ್ಲಿಸಲ್ಲ, 0.305 ಕ್ಯಾರೆಟ್ ಅಂತ ಮೂರು ದಶಮಾಂಶದವರೆಗೂ ಹೋಗ್ತಾರೆ. ಈ ಅಚ್ಚುಕಟ್ಟುತನ ನನಗೆ ತುಂಬಾ ಹಿಡಿಸುತ್ತೆ.

ಹಾರ್ಟ್ಸ್ ಅಂಡ್ ಆ್ಯರೋಸ್ ಕಟ್ ಕೇಳಿರ್ತೀರ, ಕಲ್ಲನ್ನ ಸ್ಪೆಷಲ್ ಸ್ಕೋಪಲ್ಲಿ ಮೇಲಿಂದ ನೋಡಿದ್ರೆ ಎಂಟು ಬಾಣ, ತಿರುಗಿಸಿ ತಳದಿಂದ ನೋಡಿದ್ರೆ ಎಂಟು ಹೃದಯ. ಇದು ಬೆಳೆದಿದ್ದೇ ಜಪಾನಲ್ಲಿ, 1980ರ ದಶಕದಲ್ಲಿ. ಸಿಜಿಎಲ್ ಇದಕ್ಕೆ ಹಾರ್ಟ್ ಅಂಡ್ ಕ್ಯುಪಿಡ್ ಅನ್ನೋ ಹೆಸರಲ್ಲಿ ಫೋಟೋ ಸಮೇತ ಪೇಪರ್ ಕೊಡುತ್ತೆ, ಅಲ್ಲಿ ಎಂಗೇಜ್‌ಮೆಂಟ್ ಉಂಗುರ ಮಾರೋರು ಅದನ್ನ ಮುಂದೆ ಇಟ್ಕೊಂಡೇ ಮಾತಾಡೋದು.

ಆದ್ರೆ ನನ್ನ ಪ್ರಕಾರ ಲ್ಯಾಬಿನ ಹೆಸರು ನಿಂತಿರೋದು ಇದರ ಮೇಲಲ್ಲ, ಬಣ್ಣದ ಗ್ರೇಡ್ ಮೇಲೆ, ಅಂದ್ರೆ ಬಣ್ಣವೇ ಇಲ್ಲದ ಡಿ-ಯಿಂದ ಹಳದಿ ಛಾಯೆಯ ಝಡ್-ವರೆಗೆ ಕೊಡೋ ಇಂಗ್ಲಿಷ್ ಅಕ್ಷರದ ಮೇಲೆ. ಬಣ್ಣ ನೋಡೋದು ಹೇಗೆ ಅಂದ್ರೆ ವಜ್ರನ ಬೋರಲು ಹಾಕಿ ಬಿಳಿ ಟ್ರೇಯಲ್ಲಿ ಇಟ್ಟು, ಹಗಲಿನ ಬೆಳಕಿನಂಥ ಲ್ಯಾಂಪ್ ಕೆಳಗೆ, ಪಕ್ಕದಲ್ಲಿ ಮೊದಲೇ ಗ್ರೇಡ್ ಗೊತ್ತಿರೋ ಮಾಸ್ಟರ್ ಸ್ಟೋನ್‌ಗಳನ್ನ ಸಾಲಾಗಿ ಜೋಡಿಸಿ, ಕಲ್ಲನ್ನ ಒಂದೊಂದರ ಪಕ್ಕಕ್ಕೂ ಸರಿಸ್ತಾ ಹೋಗೋದು. ಇದು ಇ-ಗಿಂತ ಹಳದಿನಾ, ಎಫ್-ಗಿಂತ ಬಿಳಿನಾ? ಮೊದಲ ಸಲ ನೋಡೋರ ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತೆ. ಆದ್ರೆ ಆ ಒಂದಕ್ಷರದ ವ್ಯತ್ಯಾಸಕ್ಕೆ ರೇಟ್ ಬದಲಾಗುತ್ತೆ, ಅಂದ್ಮೇಲೆ ಒಂದಕ್ಷರ ಮೇಲಕ್ಕೆ ಹಾಕ್ಕೊಡಿ ಅನ್ನೋ ಒತ್ತಡ ಇದ್ದೇ ಇರುತ್ತೆ, ಯಾಕಂದ್ರೆ ಲ್ಯಾಬಿಗೆ ಫೀಸ್ ಕೊಡೋದು ಕಲ್ಲು ಕೊಳ್ಳೋರಲ್ಲ, ಮಾರೋರು.

ಆ ಒಂದಕ್ಷರ ಏನು ಮಾಡಬಹುದು ಅಂತ ಜಪಾನ್ 2010ರಲ್ಲಿ ನೋಡ್ತು. ಜೆನ್‌ಹೊಕ್ಯೋ ಅಂತ ಇನ್ನೊಂದು ದೊಡ್ಡ ಲ್ಯಾಬ್ ಇತ್ತು, ಇಂಗ್ಲಿಷಲ್ಲಿ ಜಿಎಎಜೆ. ಜಪಾನಿನ ಸೆಕೆಂಡ್ ಹ್ಯಾಂಡ್ ಒಡವೆ ವ್ಯಾಪಾರಿಗಳು ನಂಬಿಕೆಯ ಲ್ಯಾಬಿನ ಪೇಪರಿಗೆ ಎ-ಕಾನ್ ಅಂತಾರೆ, ಆ ಸಾಲಲ್ಲಿ ಸಿಜಿಎಲ್ ಜೊತೆ ಇದೂ ಇತ್ತು. ವಜ್ರಗಳ ಬಣ್ಣದ ಗ್ರೇಡ್ ಏರಿಸಿ ಕೊಟ್ಟಿದ್ದಾರೆ ಅನ್ನೋ ಆರೋಪ ಆ ವರ್ಷ ಸುದ್ದಿಯಾಯ್ತು, ವರ್ಷ ಮುಗಿಯೋ ಒಳಗೇ ಲ್ಯಾಬ್ ಬಾಗಿಲು ಹಾಕ್ತು.

ನನಗೆ ಇದರಲ್ಲಿ ನಿಜವಾಗ್ಲೂ ಸಂಕಟ ಆಗೋದು ಯಾಕೆ ಅಂದ್ರೆ, ಬಣ್ಣದ ಹರಳುಗಳ ವಿಷಯದಲ್ಲಿ ಅದೇ ಲ್ಯಾಬಿನ ಸಂಶೋಧನೆ ಪ್ರಪಂಚದಲ್ಲೇ ಮೇಲ್ಮಟ್ಟದ್ದಾಗಿತ್ತು. 2002ರ ಆಸುಪಾಸಲ್ಲಿ ಥಾಯ್ಲೆಂಡಿನ ಚಂತಬುರಿಯಿಂದ ಕಿತ್ತಳೆ-ಗುಲಾಬಿ ಬಣ್ಣದ ಸಫೈರ್‌ಗಳು, ಪದ್ಪರಾಜ ಅನ್ನೋ ಅಪರೂಪದ ಸಫೈರ್ ಥರದವು, ಇದ್ದಕ್ಕಿದ್ದಂಗೆ ರಾಶಿ ರಾಶಿ ಬಂದ್ವು. ಬೆರಿಲಿಯಂ ಸೇರಿಸಿ ಕುಲುಮೆಯಲ್ಲಿ ಕಾಯಿಸಿ ಬಣ್ಣ ತಂದಿದ್ದು ಅಂತ ಆಮೇಲೆ ಗೊತ್ತಾಯ್ತು. ಬೆರಿಲಿಯಂ ಎಷ್ಟು ಹಗುರದ ಮೂಲವಸ್ತು ಅಂದ್ರೆ ಲ್ಯಾಬುಗಳಲ್ಲಿದ್ದ ಮಾಮೂಲಿ ಎಕ್ಸ್‌ರೇ ಉಪಕರಣಕ್ಕೆ ಅದು ಸಿಗೋದೇ ಇಲ್ಲ, ಲೇಸರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿ ಹೊಡೆದು ಆ ಪುಡಿಯನ್ನ ಅಳೆಯೋ ಎಲ್‌ಎ-ಐಸಿಪಿ-ಎಂಎಸ್ ಥರದ ದುಬಾರಿ ಮಷೀನ್ ಬೇಕು. ಹರಳಿನ ಲ್ಯಾಬುಗಳಲ್ಲಿ ಅದನ್ನ ಮೊದಮೊದಲು ಚೆನ್ನಾಗಿ ಬಳಸಿದೋರಲ್ಲಿ ಜಿಎಎಜೆನೂ ಒಂದು. 2006ರಲ್ಲಿ ಅಲ್ಲಿನ ಅಹ್ಮದ್‌ಜಾನ್ ಅಬ್ದುರಿಯಿಮ್, ಹಿರೋಶಿ ಕಿತಾವಾಕಿ ಇದೇ ಮಷೀನಿಂದ ಪರೈಬಾ ಅಂತ ಕರೆಯೋ, ತಾಮ್ರದಿಂದ ನೀಲಿ-ಹಸಿರು ಬಣ್ಣ ಬಂದಿರೋ ಟೂರ್ಮಲೀನ್ ಹರಳು ಬ್ರೆಜಿಲ್‌ದಾ, ನೈಜೀರಿಯಾದ್ದಾ, ಮೊಜಾಂಬಿಕ್‌ದಾ ಅಂತ ಬೇರೆ ಮಾಡಿ ಹೇಳೋ ದಾರಿ ತೋರಿಸಿದ್ರು. ಅಷ್ಟು ಒಳ್ಳೆ ವಿಜ್ಞಾನ ಒಂದು ಕಡೆ, ಇನ್ನೊಂದು ಕಡೆ ವಜ್ರದ ಒಂದಕ್ಷರ, ಲ್ಯಾಬನ್ನ ಮುಳುಗಿಸಿದ್ದು ಆ ಅಕ್ಷರ.

ಕಿತಾವಾಕಿ ಆಮೇಲೆ ಸಿಜಿಎಲ್ ಸೇರಿದ್ರು. ಸಿಜಿಎಲ್ ತನ್ನ ಸಂಶೋಧನೆಗಳನ್ನ ಎಲ್ಲರೂ ಓದೋ ಹಾಗೆ ಪ್ರಕಟಿಸ್ತಾ ಬಂದಿದೆ, ಅದರಲ್ಲಿ ಲ್ಯಾಬಲ್ಲಿ ಬೆಳೆಸಿದ ವಜ್ರಗಳ ಬಗ್ಗೆಯೂ ಇದೆ. ತಪ್ಪು ಹುಡುಕೋ ವಿಧಾನವನ್ನ ಬಚ್ಚಿಟ್ಕೊಳ್ಳದೆ ಹೊರಗಿಡೋ ಲ್ಯಾಬನ್ನ ನಾನು ಜಾಸ್ತಿ ನಂಬ್ತೀನಿ.

ಇನ್ನೊಂದು ವಿಷಯ, ಜಪಾನಿನ ಹಳೇ ಒಡವೆ ಕೊಳ್ಳೋ ಯೋಚನೆ ಇರೋರಿಗೆ. ಬರೀ ಲ್ಯಾಬ್ ಹೆಸರು ನೋಡಿದ್ರೆ ಸಾಲದು, ತಾರೀಖೂ ನೋಡಿ. ಜಿಎಎಜೆ ಪೇಪರ್ ಇದ್ರೆ ವಜ್ರನ ಮತ್ತೆ ಗ್ರೇಡ್ ಮಾಡಿಸಿ ಅಂತ ಮಾರೋರನ್ನ ಕೇಳಿ. ಒಳ್ಳೆ ಲ್ಯಾಬಿನ ಪೇಪರೇ ಆದ್ರೂ 2006ಕ್ಕಿಂತ ಹಿಂದಿನದಾದ್ರೆ ಅದರಲ್ಲಿರೋ ಎಕ್ಸಲೆಂಟ್ ಕಟ್ ಅನ್ನೋದನ್ನ ಇವತ್ತಿನ ಎಕ್ಸಲೆಂಟ್ ಅಂತ ತಗೋಬೇಡಿ, ವಜ್ರದ ಗ್ರೇಡಿಂಗಿಗೆ ಎಲ್ಲರೂ ಮಾದರಿ ಅಂತ ನೋಡೋ ಅಮೆರಿಕದ ಜಿಐಎ ಸಂಸ್ಥೆಯ ಈಗಿನ ಕಟ್ ಗ್ರೇಡ್ ಪದ್ಧತಿ ಬಂದಿದ್ದೇ ಆ ವರ್ಷ.