ಹಾಡು ಬಲಗೈಯಲ್ಲಿತ್ತು

ಜರ್ಮನ್ ಸಂಗೀತಕಾರ ಬಾಖ್ ಆರ್ಗನ್‌ಗೆ ಬರೆದ ‘ಇಷ್ ರೂಫ್ ತ್ಸು ಡಿರ್’ ಅನ್ನು ಸುಮಾರು ಒಂದು ತಿಂಗಳು, ದಿನಾ ಮಲಗುವ ಮುಂಚೆ ಕೇಳಿದ್ದೇನೆ. ಎರಡೂವರೆ ನಿಮಿಷದ್ದು, ಅಷ್ಟೇ. ಅಷ್ಟು ದಿನವೂ ನನ್ನ ಕಿವಿ ಎಡಗೈ ಕಡೆಗೇ ಇತ್ತು. ಎಡೆಬಿಡದೆ ಹರಿಯುವ ಸಣ್ಣ ಸ್ವರಗಳು, ಕೆಳಗೆ ಕಾಲಲ್ಲಿ ಒತ್ತಿ ನುಡಿಸುವ ಪೆಡಲ್‌ನಲ್ಲಿ ಒಂದೇ ಸಮ ಹೆಜ್ಜೆ ಹಾಕುವ ಮಂದ್ರ. ಬಲಗೈ ನುಡಿಸುವುದು ಏನೋ ಅಲಂಕಾರ ಅಂದುಕೊಂಡಿದ್ದೆ. ನಗಬೇಡಿ, ಆ ಬಲಗೈಯೇ ಹಾಡು!

ಈ ರಚನೆಗೆ ಆಧಾರವಾದ ಲೂಥರನ್ ಚರ್ಚಿನ ಸ್ತುತಿಗೀತೆಯನ್ನು ಗಾಯಕರ ಒಂದು ತಂಡ ಸಾದಾ ಆಗಿ ಹಾಡಿದ್ದು ಸಿಕ್ಕಮೇಲೆ ಗೊತ್ತಾಯಿತು. ನಾಲ್ಕು ಸಲ ಗುನುಗಿಕೊಂಡು ಮತ್ತೆ ಆರ್ಗನ್‌ಗೆ ಬಂದರೆ, ಪರಿಚಯದವರು ಗುಂಪಿನಿಂದ ಎದ್ದು ಬಂದ ಹಾಗೆ ಹಾಡು ಮುಂದೆ ಬಂತು. ಬಾಖ್‌ನ ಕಾಲದ ಚರ್ಚಿನ ಸಭೆಯವರಿಗೆ ಈ ಹಾಡುಗಳು ಬಾಯಿಪಾಠ. ಆತ ಬರೆದದ್ದು ಆ ಬಾಯಿಪಾಠವನ್ನು ನಂಬಿ.

ಈಗ ಪದಗಳನ್ನೂ ಓದಿಕೊಂಡೇ ಕೇಳುತ್ತೇನೆ. ಆದಾಮನ ಪತನದಿಂದ ಎಲ್ಲ ಕೆಟ್ಟಿತು ಎನ್ನುವ ಇನ್ನೊಂದು ಸ್ತುತಿಗೀತೆ ಇದೆ, ಬಾಖ್ ಅದನ್ನು ಆರ್ಗನ್‌ಗೆ ಬರೆದದ್ದರಲ್ಲಿ ಪೆಡಲ್ ಮತ್ತೆ ಮತ್ತೆ ದೊಡ್ಡ ಅಂತರಕ್ಕೆ ಧೊಪ್ಪನೆ ಬೀಳುತ್ತದೆ. ನಡುವಿನ ಸ್ವರಗಳು ಹಾವಿನ ಹಾಗೆ ನುಲಿಯುತ್ತವೆ. ಅರ್ಥ ಗೊತ್ತಿಲ್ಲದೆ ಕೇಳಿದರೆ ಬರೀ ಕಿರಿಕಿರಿ.

ಕಿರಿಕಿರಿ ಬಾಖ್‌ನ ಸಭೆಯವರಿಗೂ ಆಗಿತ್ತು, ಅದೇ ನನಗೆ ಸಮಾಧಾನ. 1705ರಲ್ಲಿ ಬಾಖ್ ನಾಲ್ಕು ವಾರ ರಜೆ ಕೇಳಿ, ತಾನು ಚರ್ಚಿನ ಆರ್ಗನ್ ನುಡಿಸುತ್ತಿದ್ದ ಆರ್ನ್‌ಸ್ಟಾಟ್ ಊರಿನಿಂದ ಸುಮಾರು 400 ಕಿ.ಮೀ. ದೂರದ ಲ್ಯೂಬೆಕ್‌ಗೆ, ಅಲ್ಲಿನ ಹೆಸರಾಂತ ಆರ್ಗನ್ ವಾದಕ ಬುಕ್ಸ್ಟೆಹೂಡೆಯ ವಾದನ ಕೇಳಲು ಹೋದ. ಹಿಂದಿರುಗಿದ್ದು ನಾಲ್ಕು ತಿಂಗಳ ಮೇಲೆ. ಫೆಬ್ರುವರಿ 1706ರಲ್ಲಿ ಚರ್ಚಿನ ಆಡಳಿತದವರು ಕರೆಸಿ, ತಡವಾದದ್ದಕ್ಕೂ ಬೈದರು, ಸ್ತುತಿಗೀತೆಗಳಿಗೆ ವಿಚಿತ್ರ ಸ್ವರ ಬೆರೆಸಿ ಸಭೆಯನ್ನು ಗೊಂದಲಕ್ಕೆ ಕೆಡವಿದ್ದಕ್ಕೂ ಬೈದರು. ಹುಡುಗನಿಗೆ ಆಗ ಇಪ್ಪತ್ತು. ನಾನಂತೂ ಆ ಪಾಪದ ಸಭೆಯವರ ಪರ.

ಮೇಲಿನ ಎರಡೂ ಹಾಡುಗಳಿರುವುದು ‘ಓರ್ಗೆಲ್‌ಬ್ಯೂಷ್‌ಲೈನ್’ ಎಂಬ ಪುಟ್ಟ ಪುಸ್ತಕದಲ್ಲಿ. ಹೆಚ್ಚಿನದನ್ನು ಬಾಖ್ ಬರೆದದ್ದು ಜರ್ಮನಿಯ ವೈಮಾರ್ ಊರಿನಲ್ಲಿ. 164 ಹಾಡುಗಳಿಗೆ ಜಾಗ ಬಿಟ್ಟಿದ್ದ, ಪೂರ್ತಿಯಾದದ್ದು ನಲವತ್ತೈದರ ಆಸುಪಾಸು. ಮೂಲ ಪ್ರತಿ ಬರ್ಲಿನ್‌ನ ರಾಜ್ಯ ಗ್ರಂಥಾಲಯದಲ್ಲಿದೆ. ‘ಓ ಟ್ರಾವ್ರಿಗ್‌ಕೈಟ್’, ಅಂದರೆ ‘ಅಯ್ಯೋ ದುಃಖವೇ’, ಎಂಬ ಹಾಡಿಗೆ ಮೊದಲ ಸಾಲಿನ ಒಂದು ತುಣುಕು ಮಾತ್ರ ಇದೆ, ಮುಂದೆ ಖಾಲಿ. ಆ ಹಾಡನ್ನೂ ಕಲಿತುಕೊಂಡಿದ್ದೇನೆ. ತುಣುಕು ಮುಗಿದ ಕಡೆಯಿಂದ ನಾನೇ ಗುನುಗುತ್ತೇನೆ, ಎಡಗೈ ಇಲ್ಲದೆ, ಪೆಡಲ್ ಇಲ್ಲದೆ.